ಬೇರೆಯವರ ಕೈಯಡುಗೆ

ಗಂಟು ಬಿಚ್ಚುವ ಮೊದಲೇ ವಾಸನೆ ಹೇಳಿತು. ಡೇರೆಯ ಬೊಂಬಿಗೆ ನೇತುಹಾಕಿದ್ದ ಒದ್ದೆ ಬಟ್ಟೆಯೊಳಗೆ ಹೆಸರುಕಾಳು ಮೊಳಕೆಯನ್ನೇನೋ ಒಡೆದಿತ್ತು, ಆದರೆ ಮೊಳಕೆಯ ಬುಡದಲ್ಲಿ ಲೋಳೆ ಕಟ್ಟಿಕೊಂಡು ಬೆರಳಿಗೆ ಎಳೆ ಎಳೆಯಾಗಿ ಅಂಟುತ್ತಿತ್ತು. ರವೀಂದ್ರ ಎರಡು ಕಾಳನ್ನು ಬಾಯಿಗೆ ಹಾಕಿಕೊಂಡು ಅಗಿದ. ಹುಳಿ. ಉಗುಳೋಣವೆಂದು ಡೇರೆಯ ಪರದೆ ಸರಿಸಿದರೆ ಹೊರಗೆ ಕೆರೆಯ ಏರಿಯ ಮೇಲೆ ಹುಡುಗರು ಸಾಲಾಗಿ ಹಲ್ಲುಜ್ಜುತ್ತ ನಿಂತಿದ್ದರು, ಉಗುಳದೆ ನುಂಗಿದ. ಆಮೇಲೆ ಬಾಟಲಿಯ ನೀರಿನಲ್ಲಿ ಕಾಳನ್ನು ಮೂರು ಸಲ ತೊಳೆದು, ತಟ್ಟೆಗೆ ಹರಡಿ, ಒಂದು ಮಗ್ಗುಲು ಮೆತ್ತಗಾಗಿದ್ದ ಸೌತೆಕಾಯಿಯನ್ನು ಆ ಮಗ್ಗುಲು ಕಾಣದ ಹಾಗೆ ತಿರುಗಿಸಿಟ್ಟು, ಮೊಬೈಲಿನಲ್ಲಿ ಫೋಟೊ ತೆಗೆದು ಪಥ್ಯದ ವಾಟ್ಸಾಪ್ ಗುಂಪಿಗೆ ಕಳಿಸಿದ. 'ನಲವತ್ಮೂರನೆಯ ದಿನ. ಬೆಳಗಿನ ಆಹಾರ. ಶಿಬಿರದಿಂದ.' ನಿಮಿಷದೊಳಗೆ ಚಪ್ಪಾಳೆಯ ಚಿತ್ರಗಳು ಉದುರತೊಡಗಿದವು. ಹಾಸನದ ಯಾರೋ ಹೆಂಗಸು, 'ಡೇರೆಯಲ್ಲಿದ್ದರೂ ವ್ರತ ಬಿಡದ ಸಾರ್ ನಮಗೆಲ್ಲ ಮಾದರಿ' ಎಂದು ಬರೆದಿದ್ದಳು. ಅದನ್ನು ಎರಡು ಸಲ ಓದಿ, ಕಾಳನ್ನು ಉಸಿರು ಬಿಗಿಹಿಡಿದು ತಿಂದು ಮುಗಿಸಿದ. ಬೇರೇನೂ ಇರಲಿಲ್ಲ. ನೆನೆಹಾಕಲು ತಂದಿದ್ದ ಕಡಲೆಕಾಯಿ ಬೀಜಕ್ಕೆ ಇರುವೆ ಮುತ್ತಿ ಆಗಲೇ ಎರಡು ದಿನವಾಗಿತ್ತು.

ಪಾಂಡವಪುರದ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಅವನು ಇತಿಹಾಸದ ಮೇಷ್ಟ್ರು. ಎನ್ನೆಸ್ಸೆಸ್ ಹೊಣೆಯೂ ಅವನದೇ ಆದ್ದರಿಂದ ವರ್ಷಕ್ಕೊಮ್ಮೆ ಐವತ್ತು ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಯಾವುದಾದರೂ ಹಳ್ಳಿಯಲ್ಲಿ ಏಳು ದಿನ ಬೀಡು ಬಿಡಬೇಕು. ಈ ಸಲ ನಾಗಮಂಗಲ ತಾಲ್ಲೂಕಿನ ಚೋಳೇಕೊಪ್ಪಲು. ಹುಡುಗಿಯರಿಗೆ ಸಮುದಾಯ ಭವನ, ಹುಡುಗರಿಗೂ ಅವನಿಗೂ ಏರಿಯ ಕೆಳಗೆ ಬಾಡಿಗೆಯ ಡೇರೆಗಳು. ಬೆಳಿಗ್ಗೆ ಕೆರೆಯಂಗಳದ ಜಾಲಿ ಕಡಿಯುವುದು, ಮಧ್ಯಾಹ್ನ ಊಟ, ಸಂಜೆ ಯಾರದಾದರೂ ಭಾಷಣ. ಮೂರು ತಿಂಗಳ ಸರಾಸರಿ ಸಕ್ಕರೆ ಒಂಬತ್ತೂವರೆ ಎಂದು ಲ್ಯಾಬಿನ ಚೀಟಿ ಬಂದ ದಿನ ಅವನಿಗೆ ಮೊದಲು ಕಣ್ಣಿಗೆ ಕಟ್ಟಿದ್ದು ಚಿನಕುರಳಿಯ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಕೂತಿರುತ್ತಿದ್ದ ಅವ್ವ. ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ಪ್ರತಿ ಸಲ ಆಸ್ಪತ್ರೆಯಿಂದ ಬಂದಾಗಲೂ ಅವಳು, 'ಕುಯ್ದಿದ್ದ ಏನ್ ಮಾಡುದ್ರಂತ್ಲಾ?' ಎಂದು ಕೇಳುತ್ತಿದ್ದಳು. ಈಗ ರವೀಂದ್ರನ ಅಂಗಾಲಿನಲ್ಲೂ ಸಂಜೆಯಾದರೆ ಏನೋ ಹರಿದಾಡಿದಂತಾಗುತ್ತಿತ್ತು. ಹೆಂಡತಿ ಪ್ರಮೀಳಾ ಅವನನ್ನು ಪ್ರಕೃತಿ ವೈದ್ಯರೊಬ್ಬರ ವಾಟ್ಸಾಪ್ ಗುಂಪಿಗೆ ಸೇರಿಸಿದಳು. ಅರವತ್ತು ದಿನ. ಎಣ್ಣೆ, ಉಪ್ಪು, ಸಕ್ಕರೆ, ಬೆಲ್ಲ, ಹಾಲು, ಬಿಳಿ ಅಕ್ಕಿ ಯಾವುದೂ ಇಲ್ಲ. ಭೂಮಿಯಿಂದ ಬಂದದ್ದು ಬಂದ ಹಾಗೆಯೇ. ಬೇಯಿಸಿದ್ದನ್ನು ತಿಂದರೆ ಸ್ವಂತ ಮನೆಯಲ್ಲಿ ಬೆಂದದ್ದನ್ನೇ ತಿನ್ನಬೇಕು. 'ಬೇರೆಯವರ ಕೈಯಡುಗೆಯನ್ನು ನಂಬಬೇಡಿ' ಎನ್ನುವುದು ಐದನೆಯ ನಿಯಮ. ಒಂದು ದಿನ ತಪ್ಪಿದರೆ ಎಣಿಕೆ ಮತ್ತೆ ಒಂದರಿಂದ. ಮೂವತ್ತೈದನೆಯ ದಿನ ತೆಗೆಸಿದ ರಕ್ತದಲ್ಲಿ ಸಕ್ಕರೆ ನಂಬಲಾರದಷ್ಟು ಇಳಿದಿತ್ತು. ಪ್ರಮೀಳಾ ಆ ಚೀಟಿಯನ್ನು ದೇವರ ಗೂಡಿನಲ್ಲಿಟ್ಟಳು. ಶಿಬಿರಕ್ಕೆ ಹೊರಟಾಗ, ಅಲ್ಲಿ ನಿಮ್ಮ ಮನೆಯ ಒಲೆ ಇಲ್ಲವಾದ್ದರಿಂದ ಏಳು ದಿನವೂ ಹಸಿಯದ್ದನ್ನೇ ತಿನ್ನಿ ಎಂದು ವೈದ್ಯರು ಅಪ್ಪಣೆ ಕೊಟ್ಟರು.

ಆದರೆ ಶಿಬಿರದ ಊಟಕ್ಕೆ ಊರಿನವರು ಸರದಿ ಹಾಕಿಕೊಂಡಿದ್ದರು, ದಿನಕ್ಕೊಂದು ಬೀದಿ. ಯಾರ ಬೀದಿಯ ಸರದಿಯೋ ಅವರು ಶಿಬಿರದವರನ್ನು ಸಾಲಾಗಿ ಕೂರಿಸಿ ಉಣಿಸಬೇಕು. ಮೇಷ್ಟ್ರು ಸಾಲಿನ ತುದಿಯಲ್ಲಿ ಕೂತು ಮೊದಲ ತುತ್ತು ಬಾಯಿಗಿಟ್ಟರೆ ಉಳಿದವರು ಕೈಹಾಕುವುದು. ಮೊದಲ ದಿನ ಗೌಡರ ಬೀದಿ. ಮುದ್ದೆ, ನಾಟಿಕೋಳಿ ಸಾರು. ರವೀಂದ್ರ ಚೀಲದಿಂದ ಡಬ್ಬಿ ತೆಗೆದು ಕಾಳನ್ನು ಎಲೆಗೆ ಸುರಿದುಕೊಂಡದ್ದನ್ನು ಕಂಡು ಹಾಲಿನ ಡೈರಿಯ ಅಧ್ಯಕ್ಷ ಚಿಕ್ಕಸ್ವಾಮಿ ಬಗ್ಗಿ ನೋಡಿದ.

"ಏನ್ ಸಾ ಇದು, ನಮ್ ಅಸ ತಿನ್ನೋದ್ನ ನೀವ್ ತಿಂತಾ ಇದೀರಿ?"

"ಶುಗರ್ರು ಚಿಕ್ಕಸ್ವಾಮಣ್ಣ. ಪಥ್ಯ."

"ನಂಗೂ ಐತೆ ಬುಡಿ. ಮಾತ್ರೆನೂ ನುಂಗ್ತೀನಿ, ಬಾಡೂ ನುಂಗ್ತೀನಿ. ಎಲ್ಡೂ ಒಳಗೋಗಿ ಅವೇ ಜಗಳ ಆಡ್ಕಳ್ಳಿ."

ಇಡೀ ಸಾಲು ನಕ್ಕಿತು. ಅದರಲ್ಲಿ ತನ್ನ ಹುಡುಗರ ನಗುವೂ ಇತ್ತು. ಮೊದಲ ತುತ್ತು ಯಾವುದೆಂದು ಯಾರಿಗೂ ತಿಳಿಯದೆ ಕ್ಷಣಕಾಲ ಎಲ್ಲರ ಕೈಗಳೂ ಎಲೆಯ ಮೇಲೆ ತಡವರಿಸಿದವು. ಕೊನೆಗೆ ಅವನು ಒಂದು ಹೆಸರುಕಾಳನ್ನು ಬಾಯಿಗೆಸೆದುಕೊಂಡ ಮೇಲೆ ಊಟ ಶುರುವಾಯಿತು. ಆ ಅವಮಾನವನ್ನು ಅವನು ತಡೆದುಕೊಂಡ. ಆ ಸಂಜೆ ಅದನ್ನೇ ಗುಂಪಿನಲ್ಲಿ ಸಾಹಸವೆಂಬಂತೆ ಬರೆದೂ ಬರೆದ. ತಡೆದುಕೊಳ್ಳಲಾಗದೆ ಹೋದದ್ದು ಮೂರನೆಯ ದಿನ, ಚಿಕ್ಕಸ್ವಾಮಿಯ ಮನೆಯೊಳಗೆ, ಅವನ ತಾಯಿ ಯಶೋದಮ್ಮನೆದುರು. ಶಿಬಿರದ ಬಿಲ್ಲಿಗೆ ರುಜು ಹಾಕಿಸಲೆಂದು ಹೋಗಿದ್ದ. ಮುದುಕಿ ತುಪ್ಪ ಸುರಿದ ಒಬ್ಬಟ್ಟಿನ ತಟ್ಟೆ ಹಿಡಿದು ಬಂದು, "ನಮ್ಮನೆ ವಸ್ಲು ತುಳ್ದು ಬರಿಬಾಯಲ್ಲಿ ಓಗಾದಾ ಮಗ? ನಂಗೆ ಒಳ್ಳೇದಾದದಾ ಏಳು?" ಎನ್ನುತ್ತ ಚೂರು ಮುರಿದು ತಾನೇ ಅವನ ಬಾಯಿಗೆ ಹಿಡಿದಳು. ಅವನ ಬಾಯಿ ತೆರೆಯಿತು. ತೆರೆದದ್ದು ತಾನಲ್ಲ, ಬಾಯಿ ಎಂದೇ ಅವನಿಗೆ ಆಮೇಲೂ ಅನ್ನಿಸುತ್ತಿತ್ತು. ಆದರೆ ಎರಡನೆಯ ಒಬ್ಬಟ್ಟನ್ನು ತಟ್ಟೆಯಿಂದ ಎತ್ತಿಕೊಂಡದ್ದು ಅವನದೇ ಕೈ. ತಲೆಯೆತ್ತಿದಾಗ ನಡುಬಾಗಿಲಿನಲ್ಲಿ ಸಿದ್ದಾರ್ಥ ಕುಡಿಯುವ ನೀರಿನ ಕ್ಯಾನು ಹಿಡಿದು ನಿಂತಿದ್ದ. ಕೊನೆಯ ವರ್ಷದ ಬಿ.ಎ. ಹುಡುಗ, ಬೆಳಗೊಳದ ದಲಿತರ ಕಾಲೋನಿಯವನು, ಶಿಬಿರದ ನಾಯಕ. ಒಮ್ಮೆ ನೋಡಿ, ಕ್ಯಾನು ತುಂಬಿಸಿಕೊಂಡು ಹೋದ. ಆ ಸಂಜೆ ರವೀಂದ್ರ ಸೌತೆಕಾಯಿಯ ಫೋಟೊ ಹಾಕಿ 'ನಲವತ್ತೊಂದನೆಯ ದಿನ' ಎಂದು ಬರೆದ. ನಿಯಮದ ಪ್ರಕಾರ ಇವತ್ತು ನಲವತ್ಮೂರಲ್ಲ, ಎರಡು.

ಇವತ್ತು ಹಲ್ಲುಜ್ಜಿ ಬಾಯಿ ಒರೆಸಿಕೊಳ್ಳುತ್ತ ಡೇರೆಯ ಬಾಗಿಲಿಗೆ ಬಂದು ನಿಂತವನೂ ಸಿದ್ದಾರ್ಥನೇ.

"ಸಾರ್, ಇವತ್ತು ಊಟ ಕಾಲೋನಿದು."

"ಗೊತ್ತು ಕಣಪ್ಪ."

"ನೀವು ಬತ್ತೀರಲ್ಲ?"

"ಬರದೆ ಏನು? ಬರ್ತೀನಿ."

"ಬರಾದಲ್ಲ ಸಾರ್. ಊಟಕ್ಕೆ."

ದನಿಯಲ್ಲಿ ಸವಾಲಿರಲಿಲ್ಲ. ಹಾಜರಿ ಕೂಗುವಾಗಿನ ದನಿ. ಉತ್ತರಕ್ಕೆ ಕಾಯದೆ ಹುಡುಗ ಹೊರಟುಹೋದ. ರವೀಂದ್ರ ಮಡಿಸುವ ಮಂಚದ ಮೇಲೆ ಕೂತು ಬೂಟಿನ ದಾರ ಕಟ್ಟುತ್ತ, ಕಟ್ಟಿದ್ದನ್ನೇ ಮತ್ತೆ ಬಿಚ್ಚಿ ಕಟ್ಟುತ್ತ, ಇದರಲ್ಲಿ ಯೋಚಿಸುವುದೇನಿದೆ ಎಂದು ಯೋಚಿಸಿದ. ಎಲ್ಲರ ಮನೆಯಲ್ಲೂ ತಿನ್ನದವನು ಇಲ್ಲಿಯೂ ತಿನ್ನದಿದ್ದರೆ ಅದು ಪಥ್ಯ. ಒಂದು ಮನೆಯಲ್ಲಿ ತಿಂದವನು ಇಲ್ಲಿ ತಿನ್ನದಿದ್ದರೆ ಅದರ ಹೆಸರು ಬೇರೆ. ಸಹಭೋಜನದ ಪಾಠವನ್ನು ವರ್ಷವರ್ಷವೂ ಎರಡು ತರಗತಿ ಹೆಚ್ಚಿಗೆ ತೆಗೆದುಕೊಂಡು ಮಾಡುವವನು ಅವನು. ಮೈಸೂರಿನ ಹಾಸ್ಟೆಲಿನಲ್ಲಿ ಯಾರ ಯಾರ ತಟ್ಟೆಯಲ್ಲೋ ಕೈಹಾಕಿ ಉಂಡವನು. ಆದರೆ ಹಾಸ್ಟೆಲಿನ ಅಡುಗೆ ಯಾರ ಕೈಯದೂ ಆಗಿರಲಿಲ್ಲ. ಗೋಡೆಯ ಕಿಂಡಿಯಿಂದ ಬರುತ್ತಿತ್ತು. ಒಂದು ಕಾಲೋನಿಯ ಒಂದು ಮನೆಯ ಒಲೆಯ ಮೇಲೆ ಬೆಂದದ್ದನ್ನು, ಬೇಯಿಸಿದವಳ ಎದುರು ಕೂತು, ತಾನು ಒಮ್ಮೆಯಾದರೂ ಉಂಡದ್ದುಂಟೆ? ಮೂವತ್ತೊಂಬತ್ತು ವರ್ಷಗಳನ್ನು ತಡಕಿದ. ಸಂದರ್ಭ ಬಂದಿರಲಿಲ್ಲ ಎಂದುಕೊಂಡ. ಎಷ್ಟು ಅನುಕೂಲದ ಮಾತು ಎಂದೂ ಅನ್ನಿಸಿತು. ಉಣ್ಣುವುದೇ ಸೈ ಎಂದು ಎದ್ದು ನಿಂತ.

ಅಷ್ಟರಲ್ಲಿ ಡೈರಿಗೆ ಹಾಲು ಹಾಕಿಸಿ ಖಾಲಿ ಕ್ಯಾನು ಕಟ್ಟಿಕೊಂಡ ಚಿಕ್ಕಸ್ವಾಮಿ ಏರಿಯ ಮೇಲೆ ಬೈಕು ನಿಲ್ಲಿಸಿ, ಇಂಜಿನು ಆರಿಸದೆಯೇ ಕೂಗಿದ.

"ಸಾ, ಒಂದ್ ಕೆಲ್ಸ ಮಾಡ್ಬುಟ್ಟಿವ್ನಿ. ಕಾಲೋನಿ ಕುಳ್ಳಯ್ಯಂಗೆ ಏಳ್ದೆ, ಮೇಷ್ಟ್ರು ಬೇಯ್ಸಿದ್ದು ಮುಟ್ಟಾಕಿಲ್ಲ ಕಣ್ಲಾ, ಅಣ್ಣೋ ಎಳನೀರೋ ಮಡಗ್ಬುಡು ಅಂತವ. ನೀವು ಆರಾಮಾಗಿ ಓಗಿ ಕೂತ್ಕಂಡು ಎದ್ದು ಬನ್ನಿ." ಅವನ ಎಡಗಣ್ಣು ಸಣ್ಣದಾಯಿತು. "ನಮ್ಮವ್ವನ್ ತವ ಸಿಗಾಕಂಡಂಗೆ ಅಲ್ಲೂ ಸಿಗಾಕಬಾರ್ದಲ್ಲ."

ಇಲ್ಲ, ಇವತ್ತು ನಾನು ಅಲ್ಲೇ ಉಣ್ಣುತ್ತೇನೆ ಎನ್ನಬೇಕಿತ್ತು. ಮಾತು ನಾಲಗೆಯ ಮೇಲೆಯೇ ಇತ್ತು. ಅವನ ಬಾಯಿಂದ ಬಂದದ್ದು "ಸರಿ". ಅದರ ಹಿಂದೆಯೇ "ಥ್ಯಾಂಕ್ಸು" ಎಂದೂ ಬಂತು. ಬೈಕು ಹೊರಟುಹೋಗಿತ್ತು. ಎದೆಯ ಮೇಲಿಂದ ಏನೋ ಇಳಿದಂತಾಗಿ ಉಸಿರು ಸಲೀಸಾಯಿತು. ಈ ಸಮಾಧಾನ ಕಾಲು ಉಳಿಯಿತೆಂದೋ ಇನ್ನೇನು ಉಳಿಯಿತೆಂದೋ ಅವನಿಗೆ ಬಿಡಿಸಿ ನೋಡುವ ಧೈರ್ಯ ಬರಲಿಲ್ಲ.

ಕೆರೆಯಂಗಳದಲ್ಲಿ ಹತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಜಾಲಿಯ ಬೊಡ್ಡೆಗೆ ನಾಲ್ಕು ಏಟು ಹಾಕುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂದು, ಮಚ್ಚು ಕಲ್ಲಿಗೆ ಬಡಿಯಿತು. ಸಿದ್ದಾರ್ಥ ಬಂದು ಮಚ್ಚನ್ನು ಅವನ ಕೈಯಿಂದ ತೆಗೆದುಕೊಂಡು, "ಕೂತ್ಕಳಿ ಸಾರ್, ಕಾಲಿಗೆ ಬಿಟ್ಕಂಡೀರಿ," ಎಂದ. ಮರದ ನೆರಳಿನಲ್ಲಿ ಕೂತು ಹುಡುಗಿಯರು ಕಡಿದ ಮುಳ್ಳು ಎಳೆಯುವುದನ್ನು ನೋಡುತ್ತ ಪ್ರಮೀಳಾಗೆ ಫೋನು ಮಾಡಿದ. ತಲೆ ಸುತ್ತುತ್ತಿದೆ ಎಂದ. ಅವಳು, "ಇನ್ನು ಬರೀ ಹದಿನೇಳು ದಿನ ರೀ. ಅತ್ತೆ ಕಾಲು ನೆನಸ್ಕಳಿ," ಎಂದಳು. ಒಬ್ಬಟ್ಟಿನ ವಿಷಯ ಅವಳಿಗೆ ಹೇಳಿರಲಿಲ್ಲ, ಈಗಲೂ ಹೇಳಲಿಲ್ಲ. ಇವತ್ತು ಕಾಲೋನಿಯಲ್ಲಿ ಊಟ ಎಂದ. ಆ ಕಡೆ ಅವಳು ಕುಕ್ಕರು ಇಳಿಸಿದ ಸದ್ದಾಯಿತು.

"ಒಳ್ಳೇದೇ ಆಯ್ತಲ್ಲ ಮತ್ತೆ," ಎಂದಳು ಪ್ರಮೀಳಾ. "ಹೇಳಕ್ಕೊಂದು ಕಾರಣ ಐತೆ."

ಅವಳು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ. ಬಸ್ಸು ಸಿಕ್ಕಿತಲ್ಲ ಎನ್ನುವ ಹಾಗೆ ಹೇಳಿದ್ದಳು. ಫೋನನ್ನು ಜೇಬಿಗಿಟ್ಟುಕೊಂಡು ರವೀಂದ್ರ ಬಹಳ ಹೊತ್ತು ತನ್ನ ಬೂಟುಗಳನ್ನೇ ನೋಡುತ್ತ ಕೂತ. ಆಮೇಲೆ ಗಟ್ಟಿ ಮನಸ್ಸು ಮಾಡಿದ. ಏನು ಬಡಿಸುತ್ತಾರೋ ಅದನ್ನು, ಎಷ್ಟು ಬಡಿಸುತ್ತಾರೋ ಅಷ್ಟನ್ನು, ಎಲೆ ಖಾಲಿಯಾಗುವವರೆಗೆ.

ಕಾಲೋನಿಯ ಬೀದಿಯನ್ನು ಗುಡಿಸಿ ನೀರು ಹಾಕಿ ರಂಗೋಲಿ ಬಿಟ್ಟಿದ್ದರು. ಕೆರೆಯ ತೂಬು ಎತ್ತುವ ನೀರುಗಂಟಿ ಕುಳ್ಳಯ್ಯನ ಮನೆ ಮುಂದೆ ಶಾಮಿಯಾನ, ಅದರಡಿ ಎದುರುಬದುರು ಎರಡು ಸಾಲು ಎಲೆ. ಹಿದುಕಿದ ಅವರೆಬೇಳೆ ಸಾರಿನ ಘಮ ಬೀದಿಯ ತುದಿಗೇ ಬಂದು ಮೂಗಿಗೆ ಹತ್ತಿ, ರವೀಂದ್ರನ ಬಾಯಲ್ಲಿ ನೀರೂರಿತು. ಸಾಲಿನ ತುದಿಯಲ್ಲಿ ಎಲೆ ಇರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯೊಂದಿತ್ತು, ಅದರ ಮುಂದೆ ಸ್ಟೂಲು, ಸ್ಟೂಲಿನ ಮೇಲೆ ಅಂಗಡಿಯ ಚೀಟಿಯನ್ನು ಕೂಡ ಕೀಳದ ಹೊಸ ಸ್ಟೀಲ್ ತಟ್ಟೆ. ತಟ್ಟೆಯಲ್ಲಿ ಚಿಪ್ಪಿನಿಂದ ಬಿಡಿಸದ ಬಾಳೆಹಣ್ಣು, ಕುಯ್ಯದ ಸೀಬೆ. ಕೆಳಗೆ ಎರಡು ಎಳನೀರು, ಇನ್ನೂ ಕೊಚ್ಚಿರಲಿಲ್ಲ. ಮಚ್ಚು ಪಕ್ಕದಲ್ಲೇ ಒರಗಿತ್ತು, ಅವನ ಕಣ್ಣೆದುರಿಗೇ ಕೊಚ್ಚಲೆಂದು. ಯಾರ ನೀರೂ ಸೋಕದ, ಯಾರ ಬೆರಳೂ ಒಳಗೆ ಹೋಗದ ಊಟ. ಇಷ್ಟು ಚೊಕ್ಕವಾಗಿ ಇದನ್ನು ಜೋಡಿಸಲು ಇವರಿಗೆ ಯಾರು ಕಲಿಸಿದರು ಎಂದು ಅವನಿಗೆ ದಿಗಿಲಾಯಿತು.

"ತಟ್ಟೆ ಒಸಾದು ಸಾ," ಎಂದ ಕುಳ್ಳಯ್ಯ, ಟವಲಿನಿಂದ ಕುರ್ಚಿ ಒರೆಸುತ್ತ. "ಬೆಳಿಗ್ಗೆನೆ ನಾಗಮಂಗಲದಿಂದ ತರುಸ್ದೆ."

"ಯಾಕೆ ಇದೆಲ್ಲ ಮಾಡಕ್ಕೋದ್ರಿ ಕುಳ್ಳಯ್ಯನೋರೆ?"

"ಚಿಕ್ಕಸ್ವಾಮಣ್ಣ ಏಳುದ್ರು. ಏಳ್ದಿದ್ರೂ ನಮ್ಗೊತ್ತಿಲ್ವಾ ಸಾ? ನಮ್ ಬೀದಿಗೆ ಬರೋ ದೊಡ್ಡೋರ್ಗೆಲ್ಲ ಇದೆಯಾ. ಎಲೆಕ್ಷನ್ನೋರು ಬತ್ತಾರೆ, ಕಾಲುವೆ ಇಂಜಿನೀರು ಬತ್ತಾರೆ, ಎಳನೀರು ಕುಡ್ಕಂಡು ಓಯ್ತಾರೆ. ಅವ್ರಿಗೂ ಬೇಜಾರಿಲ್ಲ, ನಮ್ಗೂ ಬೇಜಾರಿಲ್ಲ."

ಮುದುಕನ ಮುಖದಲ್ಲಿ ವ್ಯಂಗ್ಯಕ್ಕಾಗಿ ಹುಡುಕಿದ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಇರಲಿಲ್ಲ. ಚಿಕ್ಕಂದಿನಲ್ಲಿ ಕಂಡದ್ದೊಂದು ಕಣ್ಣೆದುರು ಬಂತು: ಅಪ್ಪ ನಾಗರಾಜು ಕಬ್ಬು ಕಡಿಯಲು ಆಳು ಕರೆಯಲೆಂದು ಕಾಲೋನಿಗೆ ಹೋಗಿ ಲೂನಾದಲ್ಲಿ ವಾಪಸು ಬಂದಿದ್ದಾನೆ, ಅವ್ವ ಬಾಗಿಲಿಗೆ ಅಡ್ಡ ನಿಂತು, 'ಅಲ್ಲೇನಾರ ತಗಂಡ್ರಾ?' ಎನ್ನುತ್ತಿದ್ದಾಳೆ, ಅಪ್ಪ, 'ಎಳನೀರು ಕಣೆ' ಎನ್ನುತ್ತಿದ್ದಾನೆ, ಅವ್ವ, 'ಅದಾದ್ರೆ ಸರಿ' ಎಂದು ದಾರಿ ಬಿಡುತ್ತಿದ್ದಾಳೆ. ಇಷ್ಟು ವರ್ಷ ಎಲ್ಲಿತ್ತು ಇದು? ಪ್ರಮೀಳಾ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಪಟ್ಟಿ, ಸಿಪ್ಪೆಯಿರುವ ಹಣ್ಣು, ಎಳನೀರು, ಹಸಿ ಕಾಳು, ಬೇರೆಯವರ ಕೈಯಡುಗೆ ಕೂಡದು, ಒಂದೊಂದು ಸಾಲನ್ನೂ ಅವ್ವ ಇದ್ದಿದ್ದರೆ ಓದಿಸಿಕೊಂಡು ತಲೆದೂಗುತ್ತಿದ್ದಳು. ನಲವತ್ತು ದಿನ ತಾನು ಕಾಲಿಗಾಗಿ ಹಿಡಿದ ವ್ರತ ಮನೆಯಲ್ಲಿ ಮೊದಲೇ ಇತ್ತು.

ಅವನು ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಸಾಲಿನಲ್ಲಿ ಸಿದ್ದಾರ್ಥನ ಪಕ್ಕ ನೆಲದ ಮೇಲೆ ಕೂತ. "ನನಗೂ ಎಲೆ ಹಾಕಿ," ಎಂದ.

ಬಡಿಸುತ್ತಿದ್ದ ಕುಳ್ಳಯ್ಯನ ಹೆಂಡತಿ ಪುಟ್ಟಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ನಿಂತಳು. "ಬ್ಯಾಡಿ ಸಾ. ನಿಮ್ ಪಥ್ಯ ಕೆಡಸಿದ ಪಾಪ ನಮ್ಗ್ಯಾಕೆ? ಅಣ್ಣು ತಿನ್ನಿ."

"ಪರವಾಗಿಲ್ಲಮ್ಮ, ಹಾಕಿ."

"ಕಾಯ್ಲೆ ಮನ್ಸ. ನಾಳೀಕೆ ಏನಾರ ಆದ್ರೆ, ಕಾಲೋನೀಲಿ ಉಂಡಿದ್ಕೆ ಇಂಗಾಯ್ತು ಅಂತಾರೆ. ಬ್ಯಾಡಿ ಕಣಪ್ಪ."

"ಹಾಕು ಅಂದ್ನಲ್ಲ!"

ಆ ಕೂಗು ತರಗತಿಯಲ್ಲಿ ಕೂಗುವ ಕೂಗಾಗಿರಲಿಲ್ಲ. ಗದ್ದೆಯ ಬದುವಿನ ಮೇಲೆ ನಿಂತು ಕೂಗುವ ಕೂಗು. ಪುಟ್ಟಲಕ್ಷ್ಮಮ್ಮ ಮರುಮಾತಾಡದೆ ಎಲೆ ಹಾಸಿ, ಮುದ್ದೆಯಿಟ್ಟು, ಸಾರು ಬಿಟ್ಟಳು. ಆಜ್ಞೆ ಪಾಲಿಸಿದ ಮುಖ. ಅನ್ನ ಕೇಳುವುದರಲ್ಲೂ ತಾನು ಇವರಿಗೆ ಕೆಲಸ ಹೇಳಿದೆನಲ್ಲ ಎಂದುಕೊಳ್ಳುತ್ತ ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ನುಂಗಿದ. ಉಪ್ಪು ನಾಲಗೆಗೆ ಬಾರಿಸಿದ ಹಾಗೆ ತಾಕಿತು. ಎಷ್ಟು ರುಚಿಯಾಗಿತ್ತೆಂದರೆ ಕಣ್ಣು ತುಂಬಿಕೊಂಡಿತು. ಎದುರು ಸಾಲಿನ ಹುಡುಗಿಯೊಬ್ಬಳು ಮೊಬೈಲು ಎತ್ತಿ ಹಿಡಿದದ್ದು ಆ ಮಂಜಿನಲ್ಲೇ ಕಂಡಿತು, ಕಂಡೊಡನೆ ತನ್ನ ಮುಖ ತಾನಾಗಿಯೇ ಫೋಟೊಗೆ ತಕ್ಕ ಹಾಗೆ ಸೌಮ್ಯವಾದದ್ದೂ ತಿಳಿಯಿತು. ಎರಡನೆಯ ತುತ್ತು. ಮೂರನೆಯದು. ನಾಲ್ಕನೆಯದು ಗಂಟಲಿನಲ್ಲಿ ನಿಂತಿತು. ಬೆಳಗಿನ ಕಾಳಿನ ಹುಳಿ ಕೆಳಗಿನಿಂದ ಎದ್ದು ಬಂದು ಅದನ್ನು ತಡೆಯಿತು. ಬಾಯಿ ಮುಚ್ಚಿಕೊಂಡು ಎದ್ದ. ಚರಂಡಿಯವರೆಗೂ ಹೋಗಬಹುದೆಂದುಕೊಂಡ. ಮೂರು ಹೆಜ್ಜೆ ಹಾಕುವಷ್ಟರಲ್ಲಿ ಕೈಯ ಸಂದಿನಿಂದ ಹೊರಗೆ ಚಿಮ್ಮಿ, ಗುಡಿಸಿದ ಅಂಗಳದ ಮೇಲೆ, ರಂಗೋಲಿಯ ಮೇಲೆ ಎಲ್ಲವೂ ಬಿತ್ತು.

"ಬೆಳಿಗ್ಗೆ ತಿಂದ ಕಾಳು ಕೆಟ್ಟಿತ್ತು," ಎಂದ, ಮೊಣಕಾಲೂರಿ ಕೂತಲ್ಲಿಂದಲೇ. ಯಾರೂ ಏನೂ ಕೇಳಿರಲಿಲ್ಲ. "ನಿಜವಾಗ್ಲೂ. ಕಾಳು ಕೆಟ್ಟಿತ್ತು." ಈ ಐದು ದಿನಗಳಲ್ಲಿ ತಾನಾಡಿದ ನಿಜವಾದ ಮಾತು ಇದೊಂದೇ, ಅದು ಅವನ ಕಿವಿಗೇ ಸುಳ್ಳಿನಂತೆ ಕೇಳಿಸಿತು. ಒಬ್ಬಟ್ಟು ಯಾಕೆ ಹೊರಗೆ ಬರಲಿಲ್ಲ ಎಂದು ಸಿದ್ದಾರ್ಥ ಕೇಳಿದ್ದರೆ, ಅವತ್ತು ಕಾಳು ಚೆನ್ನಾಗಿತ್ತು ಎನ್ನಬಹುದಿತ್ತು. ಸಿದ್ದಾರ್ಥ ತಿರುಗಿಯೂ ನೋಡದೆ ಎಲೆಯ ಮೇಲೆ ಬಗ್ಗಿಕೊಂಡು ಮುದ್ದೆ ಮುರಿಯುತ್ತಿದ್ದ.

ಪುಟ್ಟಲಕ್ಷ್ಮಮ್ಮ ಮೊರದಲ್ಲಿ ಒಲೆಯ ಬೂದಿ ತಂದು ಸುರಿದಳು. ರವೀಂದ್ರ ಎದ್ದು ಅವಳ ಕೈಯ ಪೊರಕೆಯನ್ನು ಹಿಡಿದುಕೊಂಡು, "ಕೊಡಿ ಅಮ್ಮ, ನಾನು ತೆಗೀತೀನಿ," ಎಂದ. ಅವಳು ಬಿಡಲಿಲ್ಲ. ಅವನೂ ಬಿಡಲಿಲ್ಲ. ಇಬ್ಬರೂ ಒಂದು ಪೊರಕೆ ಹಿಡಿದು ನಿಂತದ್ದನ್ನು ಕಂಡು ಸಾಲಿನಲ್ಲಿ ಯಾರಿಗೋ ನಗು ಬಂದು ಕೆಮ್ಮಾಯಿತು.

"ಬುಡಿ ಸಾ," ಎಂದಳು ಅವಳು ಮೆಲ್ಲಗೆ. "ಇನ್ನೂ ಯಾಕೆ ಎಳ್ದಾಡ್ತೀರಿ?"

ಅವನ ಕೈ ಸಡಿಲವಾಯಿತು. ಕುಳ್ಳಯ್ಯ ಬಂದು ತೋಳು ಹಿಡಿದು ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದ. ಮಚ್ಚಿನಿಂದ ಮೂರೇ ಏಟಿಗೆ ಎಳನೀರಿನ ತಲೆ ಹಾರಿಸಿ, ಕೆತ್ತೆ ಒಳಗೆ ಬೀಳದ ಹಾಗೆ ಊದಿ, ಊದಿದ್ದು ತಪ್ಪಾಯಿತೇನೋ ಎಂಬಂತೆ ಒಂದು ಗಳಿಗೆ ಅನುಮಾನಿಸಿ, ಅದನ್ನು ಬದಿಗಿಟ್ಟು ಎರಡನೆಯದನ್ನು ಕೊಚ್ಚಿ ಕೊಟ್ಟ. "ಕುಡೀರಿ ಸಾ. ಇದು ನಿಲ್ತದೆ." ಹಿಂದೆ ಸಾಲಿನಲ್ಲಿ ಸಿದ್ದಾರ್ಥ, "ಅವ್ವಾ, ಇಲ್ಲಿಗೆ ಇನ್ನೊಸಿ ಸಾರು," ಎಂದು ಗಟ್ಟಿಯಾಗಿ ಕೂಗಿದ, ನಿಂತುಹೋಗಿದ್ದ ಊಟ ಮತ್ತೆ ಶುರುವಾಗಿ ಸೌಟಿನ, ನಗುವಿನ, ಸೊರಸೊರ ಉಣ್ಣುವ ಸದ್ದು ಎರಡೂ ಸಾಲಿಗೆ ಹರಡಿಕೊಂಡಿತು. ರವೀಂದ್ರ ಅವರಿಗೆ ಬೆನ್ನು ಹಾಕಿ ಕೂತು, ಎಳನೀರನ್ನು ಎರಡೂ ಕೈಯಲ್ಲಿ ಎತ್ತಿ ಕುಡಿದ. ಉಂಡದ್ದು ಬಂದ ಹಾಗೆ ಇದೂ ಹೊರಗೆ ಬಂದುಬಿಡಲಿ ಎಂದು ಕಣ್ಣು ಮುಚ್ಚಿಕೊಂಡು ಕಾದ. ತಣ್ಣಗೆ, ಸಿಹಿಯಾಗಿ, ಒಳಗೆ ಇಳಿದ ನೀರು ಅಲ್ಲೇ ನಿಂತಿತು.